ಕಾವಲಿಗೂ ಕಾವಲು ಇಡುವ ನಮ್ಮ ವೈನಿ

ದೇವರು ಈ ಲೋಕವನ್ನು ಒಂದೇ ಪ್ರತಿ ಮಾಡಿ ಕೂತಿದ್ದಾನೆ ಎನ್ನುವುದು ನಮ್ಮ ವೈನಿಗೆ ಅವನ ಮೇಲಿರುವ ಮುಖ್ಯ ತಕರಾರು. ಇನ್ನೊಂದು ಪ್ರತಿ ಮಾಡಿ, ಅದನ್ನು ಬೇರೆ ಕಡೆ ಇಟ್ಟು, ಆಗಾಗ ಹೊರಗೆ ತೆಗೆದು ನಡೆಯುತ್ತದೋ ಇಲ್ಲವೋ ನೋಡಿದ್ದರೆ ಅವರು ಅವನನ್ನು ಸ್ವಲ್ಪ ನಂಬುತ್ತಿದ್ದರೇನೋ.

ವೈನಿ ಎಂದರೆ ನಮ್ಮ ಅಣ್ಣನ ಹೆಂಡತಿ. ತವರು ಔರಾದ. ಅಣ್ಣನಿಗೆ ಹೆಣ್ಣು ನೋಡಲು ಬೀದರಿನಿಂದ ನಾವೆಲ್ಲ ಅಲ್ಲಿಗೆ ಹೋದ ದಿನವೇ ನಮಗೆ ಇದರ ಸುಳಿವು ಸಿಗಬೇಕಿತ್ತು. ಚಹಾ ಆಯಿತು, ಚೂಡಾ ಆಯಿತು. ಹುಡುಗಿ ಏನಾದರೂ ಕೇಳುವುದಿದ್ದರೆ ಕೇಳಲಿ ಎಂದು ಹಿರಿಯರು ದೊಡ್ಡ ಮನಸ್ಸು ಮಾಡಿದರು. ಸಾಮಾನ್ಯವಾಗಿ ಹುಡುಗಿಯರು ಆಗ ಏನು ಕೇಳುತ್ತಾರೆ? ನೌಕರಿ ಎಲ್ಲಿ, ಮನೆ ಸ್ವಂತದ್ದೋ ಬಾಡಿಗೆಯದೋ. ಇವರು ಕೇಳಿದ್ದು ಹೀಗೆ:

“ನಿಮ್ಮ ಮಾರ್ಕ್ಸ್‌ಕಾರ್ಡ್, ಡಿಗ್ರಿ ಸರ್ಟಿಫಿಕೇಟ್ ಎಲ್ಲಾ ಎಲ್ಲಿ ಇಟ್ಟೀರಿ?”

“ಟ್ರಂಕಿನಾಗ ಇಟ್ಟೀನ್ರಿ. ಕೀಲಿ ಹಾಕಿ,” ಎಂದ ಅಣ್ಣ, ಹೆಮ್ಮೆಯಿಂದ.

“ಚಾವಿ ಕಳೀತಂದ್ರ?”

“ಇನ್ನೊಂದು ಚಾವಿ ಅದಲ್ರಿ.”

“ಅದು ಎಲ್ಲದ?”

ಅಣ್ಣ ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ತಗ್ಗಿದ ದನಿಯಲ್ಲಿ, “ಟ್ರಂಕಿನಾಗೇ ಅದ್ರಿ,” ಎಂದ.

ನಮ್ಮ ಅಪ್ಪ ಕೆಮ್ಮಿದರು. ಸಂಬಂಧ ಕೈತಪ್ಪಿತು ಎಂದೇ ನಾವು ವಾಪಸ್ಸು ಬಂದೆವು. ಆದರೆ ಮರುದಿನ ಒಪ್ಪಿಗೆ ಬಂತು. ಯಾಕೆ ಒಪ್ಪಿದಿರಿ ಎಂದು ಬಹಳ ದಿನಗಳ ಮೇಲೆ ನಾನು ಕೇಳಿದಾಗ ವೈನಿ ಹೇಳಿದರು: “ಸುಳ್ಳ ಹೇಳ್ಲಿಲ್ಲಲ್ಲ ತಂಗಿ. ಉಳಿದದ್ದು ನಾ ರಿಪೇರಿ ಮಾಡ್ಕೋತೇನಿ ಅಂದ್ಕೊಂಡೆ.”

ರಿಪೇರಿ ಮನೆಗೆಲ್ಲ ಹಬ್ಬಿತು. ನಮ್ಮಲ್ಲಿ ಇನ್ವರ್ಟರ್ ಮೊದಲಿನಿಂದಲೂ ಇತ್ತು. ಇತ್ತು ಎಂದರೆ ಮೂಲೆಯಲ್ಲಿ ಹಸಿರು ದೀಪ ಹಚ್ಚಿಕೊಂಡು ಕೂತಿತ್ತು. “ಅದು ನಡೀತದ ಅಂತ ಹ್ಯಾಂಗ ಗೊತ್ತು?” ಎಂದು ವೈನಿ ಕೇಳಿದಾಗ, “ದೀಪ ಹತ್ತ್ಯದಲ್ಲವಾ,” ಎಂದರು ಅಪ್ಪ. ಕ್ರಿಕೆಟ್ ಫೈನಲ್ಲಿನ ಕೊನೆಯ ಓವರಿನಲ್ಲಿ ವೈನಿ ಹೋಗಿ ಮನೆಯ ಮೇನ್ ಸ್ವಿಚ್ ಇಳಿಸಿದರು. ಇನ್ವರ್ಟರ್ ಒಮ್ಮೆ ಕುಂಯ್ ಎಂದು ಸುಮ್ಮನಾಯಿತು. ಟಿವಿಯೂ ಸುಮ್ಮನಾಯಿತು. ಅಪ್ಪನೂ ಸುಮ್ಮನಾದರು, ಆದರೆ ಅವರದು ಬೇರೆ ಥರದ ಸುಮ್ಮನೆ. ವೈನಿ ಮಾತ್ರ ಸಮಾಧಾನದಿಂದ, “ನೋಡ್ರಿ ಮಾಮಾ, ಇವತ್ತೇ ಗೊತ್ತಾತು, ಚಲೋ ಆತು. ಕೆಲಸ ಬಿದ್ದ ದಿನ ಗೊತ್ತಾಗಿದ್ರ?” ಎಂದರು. ಅಪ್ಪನ ಪ್ರಕಾರ ಕೆಲಸ ಬಿದ್ದ ದಿನ ಅದೇ ಆಗಿತ್ತು.

ಇಂಥವರಿಗೆ ದೇವರು ಇಂಥದ್ದೇ ನೌಕರಿ ಕೊಟ್ಟ. ಬೀದರಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಕಂಪ್ಯೂಟರ್ ದಾಖಲೆಗಳ ಬ್ಯಾಕಪ್ ನೋಡಿಕೊಳ್ಳುವುದು ಅವರ ಕೆಲಸ. ಅದೇ ಆಸ್ಪತ್ರೆಯ ರಕ್ತನಿಧಿಯಲ್ಲಿ ನಾನು ಟೆಕ್ನಿಶಿಯನ್. ಹೀಗಾಗಿ ಮನೆಯಲ್ಲಿ ತಪ್ಪಿಸಿಕೊಂಡದ್ದು ನನಗೆ ಆಸ್ಪತ್ರೆಯಲ್ಲಿ ಸಿಗುತ್ತಿತ್ತು.

ಅವರ ಕೆಲಸದ ಒಂದು ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆಸ್ಪತ್ರೆಯ ಎಲ್ಲ ದಾಖಲೆಗಳೂ ಪ್ರತಿದಿನ ಟೇಪುಗಳ ಮೇಲೆ ನಕಲಾಗುತ್ತವೆ. ನಕಲು ಮಾಡುವ ಸಾಫ್ಟ್‌ವೇರು ಯಾವ ದಾಖಲೆ ಯಾವ ಟೇಪಿನ ಯಾವ ಜಾಗದಲ್ಲಿದೆ ಎಂದು ತನ್ನದೇ ಆದ ಒಂದು ಡೇಟಾಬೇಸಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಈಗ ಹೇಳಿ, ಟೇಪುಗಳೆಲ್ಲ ಗಟ್ಟಿಯಾಗಿ ಉಳಿದು, ಆ ಡೇಟಾಬೇಸ್ ಒಂದೇ ಹೋದರೆ? ಆಗ ಪ್ರತಿಯೊಂದು ಟೇಪನ್ನೂ ತುದಿಯಿಂದ ತುದಿಯವರೆಗೆ ಓದಿಸಿ ಏನೇನಿದೆ ಎಂದು ಹೊಸದಾಗಿ ಬರೆಸಬೇಕು. ಅದಕ್ಕೆ ದಿನಗಟ್ಟಲೆ ಬೇಕು. ಆದ್ದರಿಂದ ಎಲ್ಲರ ದಾಖಲೆ ನಕಲಾದ ಮೇಲೆ, ಕೊನೆಗೆ, ಆ ಸಾಫ್ಟ್‌ವೇರು ಬರೆಯುವುದನ್ನು ಒಂದು ಗಳಿಗೆ ನಿಲ್ಲಿಸಿ, ಅರ್ಧಕ್ಕೆ ಬಿಟ್ಟದ್ದನ್ನೆಲ್ಲ ಮುಗಿಸಿಕೊಂಡು, ತನ್ನ ಡೇಟಾಬೇಸಿನ ನಕಲನ್ನು ತಾನೇ ತೆಗೆಯುತ್ತದೆ. ವೈನಿ ಆ ನಕಲಿಗೆ ಪಾಸ್‌ವರ್ಡಿನ ಬೀಗ ಹಾಕಿ, ಭಾಲ್ಕಿಯಲ್ಲಿರುವ ನಮ್ಮ ಶಾಖೆಯ ಕಂಪ್ಯೂಟರಿಗೆ ಹೋಗುವಂತೆ ಮಾಡಿದ್ದರು.

ಇದಕ್ಕೆ ಹೊಸ ಡಿಸ್ಕು ಬೇಕೆಂದು ಕೇಳಿದಾಗ ನಮ್ಮ ಆಡಳಿತಾಧಿಕಾರಿ ಸಾಹೇಬರು ಕನ್ನಡಕ ತೆಗೆದಿಟ್ಟರು.

“ದಾಖಲೆಗಿ ಬ್ಯಾಕಪ್ ಅದ. ಬ್ಯಾಕಪ್ಪಿಗಿ ಬ್ಯಾಕಪ್ ಅಂತೀರಿ. ನಾಳಿ ಅದಕ್ಕೊಂದು ಅಂತೀರಿ. ಇದು ಎಲ್ಲಿಗಿ ಹೋಗಿ ನಿಲ್ಲತದ್ರಿ ಮೇಡಂ?”

“ಭಾಲ್ಕಿಗಿ ಹೋಗಿ ನಿಲ್ಲತದ್ರಿ ಸರ್,” ಎಂದರು ವೈನಿ.

ಡಿಸ್ಕು ಮಂಜೂರಾಯಿತು. ಆದರೆ ಆಸ್ಪತ್ರೆಯಲ್ಲಿ ಅವರಿಗೆ ‘ಭಾಲ್ಕಿ ಮೇಡಂ’ ಎಂಬ ಹೆಸರು ಬಿತ್ತು. ಕ್ಯಾಂಟೀನಿನಲ್ಲಿ ಅವರು ಬಂದರೆ, ಇಡ್ಲಿಯ ಇನ್ನೊಂದು ಪ್ಲೇಟ್ ಭಾಲ್ಕಿಗೆ ಕಳಿಸಬೇಕೋ ಎಂದು ಕೇಳುವವರಿದ್ದರು. ನಾನೂ ನಗುತ್ತಿದ್ದೆ.

ನಗು ನಿಂತದ್ದು ಈ ಬೇಸಿಗೆಯ ಒಂದು ಬೆಳಿಗ್ಗೆ.

ಸರ್ವರ್ ರೂಮಿನ ಏಸಿಯ ನೀರು ಹೋಗುವ ಪೈಪು ಕಟ್ಟಿಕೊಂಡು, ನೀರೆಲ್ಲ ಸೀಲಿಂಗಿನ ಹಿಂದೆ ತುಂಬಿ, ನೇರ ಕಂಪ್ಯೂಟರುಗಳಿದ್ದ ಕಪಾಟಿನ ಮೇಲೆ ಸುರಿದಿತ್ತು. ನಾನು ಡ್ಯೂಟಿಗೆ ಬರುವಷ್ಟರಲ್ಲಿ ಸುಟ್ಟ ವಾಸನೆ ಮೆಟ್ಟಿಲವರೆಗೆ ಬಂದಿತ್ತು. ದಾಖಲೆಗಳಿದ್ದ ದೊಡ್ಡ ಕಂಪ್ಯೂಟರ್ ಹೋಗಿತ್ತು. ಅದರ ಕೆಳಗೇ ಇದ್ದ ಬ್ಯಾಕಪ್ ಕಂಪ್ಯೂಟರೂ ಹೋಗಿತ್ತು. ನೆಟ್‌ವರ್ಕೂ ಹೋಗಿತ್ತು. ಉಳಿದದ್ದು ಪಕ್ಕದ ಕೋಣೆಯ ಕಬ್ಬಿಣದ ಕಪಾಟಿನಲ್ಲಿದ್ದ ಟೇಪುಗಳು ಮತ್ತು ಅವನ್ನು ಓದುವ ಒಂದು ಯಂತ್ರ.

ಇದಿಷ್ಟೇ ಆಗಿದ್ದರೆ ಎರಡು ದಿನ ಕಾಗದದ ಮೇಲೆ ಬರೆದುಕೊಂಡು ನಡೆಸಬಹುದಿತ್ತು. ಆದರೆ ಅದೇ ಹೊತ್ತಿಗೆ ಮನ್ನಳ್ಳಿಯಿಂದ ಸಲ್ಮಾ ಬಂದಳು. ತುಂಬಿದ ಬಸುರಿ, ರಕ್ತ ಹೋಗುತ್ತಿತ್ತು. ಅವಳ ಗಂಡನದು ಪಂಕ್ಚರ್ ಅಂಗಡಿ. ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳದೆ ಹಾಗೇ ಓಡಿ ಬಂದಿದ್ದ.

ಅವಳ ರಕ್ತದ ಸ್ಯಾಂಪಲ್ ತೆಗೆಯಲು ಹೋದಾಗ ಸಲ್ಮಾ ನನ್ನ ಕೈ ಹಿಡಿದುಕೊಂಡಳು. “ಮೇಡಂ, ಪೈಲೇ ಬಾಳಂತನದಾಗ ಇಲ್ಲೇ ರಕ್ತ ಹಾಕಿದ್ರಿ. ಆಮ್ಯಾಲ ಡಾಕ್ಟರ್ ಹೇಳಿದ್ರು, ನಂಗ ಎಲ್ಲಾರ ರಕ್ತ ನಡಿಯಂಗಿಲ್ಲ ಅಂತ. ಒಂದು ಕಾರ್ಡ್ ಕೊಟ್ಟಿದ್ರು.”

“ಕಾರ್ಡ್ ತಂದೀರಿ?”

ಗಂಡ ತಲೆಯಾಡಿಸಿದ. “ಮನಿ ಪೂರಾ ಹುಡುಕಿದ್ವಿರಿ. ಸಿಗ್ಲಿಲ್ಲ. ನಿಮ್ಮ ಕಂಪ್ಯೂಟರಿನಾಗ ಇರ್ತದಲ್ರಿ?”

ಇರುತ್ತದೆ ಎಂದು ನಾನು ಹೇಳಿದೆ. ಬೇರೇನು ಹೇಳಲಿ?

ಒಮ್ಮೆ ಬೇರೆಯವರ ರಕ್ತ ಪಡೆದ ದೇಹ ಕೆಲವು ಸಲ ಆ ರಕ್ತದ ಒಂದು ಗುಣವನ್ನು ವೈರಿಯೆಂದು ಗುರುತಿಟ್ಟುಕೊಳ್ಳುತ್ತದೆ. ವರ್ಷ ಕಳೆದಂತೆ ಆ ಗುರುತು ಎಷ್ಟು ಮಸುಕಾಗುತ್ತದೆ ಎಂದರೆ ನಮ್ಮ ಪರೀಕ್ಷೆಗೂ ಸಿಗುವುದಿಲ್ಲ. ಆದರೆ ಅದೇ ಗುಣದ ರಕ್ತ ಮತ್ತೆ ಒಳಗೆ ಹೋದರೆ ದೇಹಕ್ಕೆ ಎಲ್ಲವೂ ನೆನಪಾಗಿ ಬಂದ ರಕ್ತವನ್ನೆಲ್ಲ ಒಡೆಯತೊಡಗುತ್ತದೆ. ಸಲ್ಮಾಳ ಸ್ಯಾಂಪಲ್ಲನ್ನು ನಾನು ಪರೀಕ್ಷಿಸಿದೆ, ನಮ್ಮ ಹಿರಿಯ ಡಾಕ್ಟರರೂ ಪರೀಕ್ಷಿಸಿದರು. ಏನೂ ಕಾಣಲಿಲ್ಲ. ಫ್ರಿಜ್ಜಿನಲ್ಲಿದ್ದ ಅವಳ ಗುಂಪಿನ ಚೀಲಗಳೆಲ್ಲ ಹೊಂದುತ್ತವೆ ಎಂದೇ ತೋರಿಸಿದವು. ಅದೇ ನಮಗೆ ಹೆದರಿಕೆ.

“ಮಧ್ಯಾಹ್ನದ ತನಕ ತಡೀಬಹುದು,” ಎಂದರು ಹೆರಿಗೆ ಡಾಕ್ಟರು. “ಅದರಾಚಿಗಿ ಆಪರೇಷನ್ ಮಾಡ್ಲೇಬೇಕು. ರಕ್ತ ಹಾಕ್ಲೇಬೇಕು. ಯಾವುದು ಅಂತ ನೀವೇ ಹೇಳ್ಬೇಕು.”

ವೈನಿ ಆಗಲೇ ಒಂದು ಹಳೆಯ ಕಂಪ್ಯೂಟರನ್ನು ಟೇಬಲ್ಲಿನ ಮೇಲೇರಿಸಿ, ಬ್ಯಾಕಪ್ ಸಾಫ್ಟ್‌ವೇರನ್ನು ಅದಕ್ಕೆ ಹೊಸದಾಗಿ ಹಾಕಲು ಹಚ್ಚಿದ್ದರು. ಆದರೆ ಹೊಸದಾಗಿ ಹಾಕಿದ ಸಾಫ್ಟ್‌ವೇರಿಗೆ ಏನು ಗೊತ್ತು? ಕಪಾಟಿನ ತುಂಬ ಟೇಪುಗಳಿದ್ದರೂ ಸಲ್ಮಾ ಯಾವುದರಲ್ಲಿದ್ದಾಳೆ ಎಂದು ಅದಕ್ಕೆ ತಿಳಿಯದು. ತಿಳಿಸುವ ಡೇಟಾಬೇಸಿನ ನಕಲು ಭಾಲ್ಕಿಯಲ್ಲಿತ್ತು.

“ಅಲ್ಲಿ ಯಾರಿಗರ ಹೇಳಿ ಕಳಿಸಂತ ಹೇಳ್ರಿ,” ಎಂದರು ಸಾಹೇಬರು.

“ಒಂದೇ ಪ್ರತಿ ಉಳಿದದ್ರಿ ಸರ್. ನಾ ಯಾರ ಕೈಯಾಗೂ ಕೊಡಂಗಿಲ್ಲ,” ಎಂದು ವೈನಿ ಆಸ್ಪತ್ರೆಯ ಜೀಪು ಹತ್ತಿ ಹೋದರು.

ಆಮೇಲೆ ಸಾಹೇಬರು ಕಾರಿಡಾರಿನಲ್ಲಿ ಅಡ್ಡಾಡಿದ ರೀತಿ ನೋಡಿದ್ದರೆ ಆಪರೇಷನ್ನು ಅವರಿಗೇ ಎಂದು ಅಂದುಕೊಳ್ಳಬೇಕು. ವೈನಿಗೆ ಫೋನ್ ಹಚ್ಚಿದರು, ಸಿಗಲಿಲ್ಲ. ಮತ್ತೆ ಹಚ್ಚಿದರು, ಸಿಗಲಿಲ್ಲ. ಕಡೆಗೆ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು.

“ನೋಡವಾ, ಆ ನಕಲು ತೆಗೀಲಿಕ್ಕ ಪಾಸ್‌ವರ್ಡ್ ಬೇಕು. ಅರ್ಧ ನನ್ನ ಹತ್ರ ಅದ. ಇನ್ನರ್ಧ ನಿಮ್ಮ ವೈನಿ ತಲ್ಯಾಗದ. ದಾರ್ಯಾಗ ಅಕಿಗಿ ಏನರ ಆದ್ರ?”

ವೈನಿಯ ಜೊತೆ ಕೆಲಸ ಮಾಡಿ ಮಾಡಿ ಕೊನೆಗೆ ಅವರಿಗೂ ಅದೇ ರೋಗ ಹತ್ತಿತ್ತು ನೋಡಿ.

“ಅಕಿ ಅರ್ಧದ ಇನ್ನೊಂದು ಪ್ರತಿ ಔರಾದದಾಗ ಅಕಿ ತಾಯಿ ಹತ್ರ ಅದ. ಬಾಯಿಪಾಠ ಮಾಡಿಸಿ ಇಟ್ಟಾಳಂತ. ನೀ ಮನಿ ಮಂದಿ, ನಿಂಗ ಹೇಳ್ತಾರ. ಹೋಗಿ ತಗೊಂಡು ಬಾ.”

ಸಾಹೇಬರ ಸ್ವಂತ ಕಾರಿನಲ್ಲಿ ಹೊರಟೆ. ಸಂತಪುರ ದಾಟುವವರೆಗೂ ನನಗೆ ಕಂಡದ್ದು ಸಲ್ಮಾಳ ತುಟಿ. ಬಿಳಚಿಕೊಳ್ಳುತ್ತಿದ್ದ ಆ ತುಟಿ ರಸ್ತೆಯ ಪಕ್ಕದ ಖಾಲಿ ಹೊಲಗಳ ಮೇಲೆಲ್ಲ ಕಂಡಂತಾಗುತ್ತಿತ್ತು. ಡ್ರೈವರ್ ಬಸ್ಸಿನ ಹಿಂದೆ ನಿಧಾನ ಮಾಡಿದಾಗಲೆಲ್ಲ ನನ್ನ ಕಾಲು ಇಲ್ಲದ ಎಕ್ಸಲರೇಟರನ್ನು ಒತ್ತುತ್ತಿತ್ತು.

ವೈನಿಯ ತಾಯಿಗೆ ನಾವು ಆಯಿ ಎನ್ನುತ್ತೇವೆ. ಅಂಗನವಾಡಿ ಶಿಕ್ಷಕಿಯಾಗಿ ನಿವೃತ್ತರಾದವರು; ಮಗ, ಸೊಸೆ, ಮೊಮ್ಮಕ್ಕಳ ಜೊತೆ ಇದ್ದಾರೆ. ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನನ್ನನ್ನು ನೋಡಿ ಮುಖ ಅರಳಿಸಿದರು. ವಿಷಯ ಹೇಳಿದ ಕೂಡಲೇ ಅರಳಿದ್ದು ಮುಚ್ಚಿತು.

“ಅಕಿನೇ ಬರ್ಲಿ. ಯಾರಿಗೂ ಹೇಳಬ್ಯಾಡ ಅಂದಾಳ.”

“ಫೋನ್ ಹಚ್ಚಿ ಕೊಡ್ತೇನಿ ಆಯಿ, ಅಕಿ ಜೊತಿನೇ ಮಾತಾಡ್ರಿ,” ಎಂದೆ. ಫೋನ್ ಸಿಗುತ್ತದೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

“‘ಫೋನಿನಾಗ ನಾನೇ ಕೇಳಿದ್ರೂ ಹೇಳಬ್ಯಾಡ’ ಅಂದಾಳ.”

“ಮುಖ ಕಾಣಂಗ ಮಾಡ್ತೇನಿ.”

“ಈಗ ಮುಖಾನೂ ಖೊಟ್ಟಿ ಮಾಡ್ತಾರಂತ. ಅದನ್ನೂ ಹೇಳಿಟ್ಟಾಳ.”

ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಆಗ ಅಳು ಬಂತು. ನೆಲದ ಮೇಲೆ ಕೂತು ಅವರ ಮೊಣಕಾಲು ಹಿಡಿದು ಸಲ್ಮಾಳ ಸಂಗತಿ ಹೇಳಿದೆ. ಆಯಿ ಶೇಂಗಾದ ಮೊರ ಕೆಳಗಿಟ್ಟರು.

“ಬಸುರಿ ಏನ?”

“ಹೂಂ ಆಯಿ.”

“ಮೊದಲ ಹೇಳಬಾರ್ದಾ ಇದನ?”

ಒಳಕೋಣೆಗೆ ಕರೆದೊಯ್ದು, ಮೊಮ್ಮಕ್ಕಳನ್ನು ಹೊರಗಟ್ಟಿ, ಕಿಟಕಿ ಮುಚ್ಚಿ ನನ್ನ ಕಿವಿಯ ಹತ್ತಿರ ಬಾಯಿ ತಂದರು. “ಚಿಮಣಿ ಹಾಲ ಕುಡೀತು,” ಎಂದರು. ಚಿಮಣಿ ಎಂದರೆ ನಮ್ಮ ಕಡೆ ಗುಬ್ಬಿ. ನಾನು ಮನಸ್ಸಿನಲ್ಲೇ ಹೇಳಿಕೊಂಡೆ. ಎದ್ದು ನಿಂತೆ. ಆಯಿ ನನ್ನ ಸೆರಗು ಹಿಡಿದರು. “ತಡಿ. ಅದಲ್ಲ. ಚಿಮಣಿ ಸಾಲಿಗಿ ಹೋತು.” ಅವರ ಕಣ್ಣು ಗೋಡೆಯ ಮೇಲೆ ಏನನ್ನೋ ಹುಡುಕುತ್ತಿತ್ತು. “ಚಿಮಣಿಗಿ ಜ್ವರ ಬಂದಾವ…” ಎಂದವರು ನನ್ನ ಮುಖ ನೋಡಿ, “ಯಾವುದು ಮಗಳ?” ಎಂದು ನನ್ನನ್ನೇ ಕೇಳಿದರು.

ಬಾಗಿಲಲ್ಲಿ ನಿಂತಿದ್ದ ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಂಗಳದವರೆಗೆ ಬಂದು ಮೆಲ್ಲಗೆ ಹೇಳಿದಳು: “ಈಚೀಚಿಗಿ ಹಿಂಗೇ ಆಗ್ಯದ್ರಿ ಅಕ್ಕ. ಮೊಮ್ಮಕ್ಕಳ ಹೆಸರೂ ತಪ್ಪತಾವ.”

ಕಾರಿನಲ್ಲಿ ಕೂತ ಮೇಲೆ ನನಗೆ ಎರಡು ಹೆದರಿಕೆ ಒಟ್ಟಿಗೆ ಹತ್ತಿದವು. ಒಂದು, ವೈನಿಗೆ ನಿಜವಾಗಿ ಏನಾದರೂ ಆಗಿದ್ದರೆ ಈ ಮೂರರಲ್ಲಿ ಯಾವುದನ್ನು ನಂಬುವುದು? ಇನ್ನೊಂದು, ಏನೂ ಆಗಿರದಿದ್ದರೆ ಇದನ್ನು ಅವರಿಗೆ ಹೇಗೆ ಹೇಳುವುದು? ಲೋಕದಲ್ಲಿ ಯಾವುದನ್ನೂ ಪರೀಕ್ಷಿಸದೆ ಬಿಡದವರಿಗೆ, ನಿಮ್ಮ ತಾಯಿ ಮರೆಯುತ್ತಿದ್ದಾರೆ ಎಂದು ಯಾವ ಬಾಯಲ್ಲಿ ಹೇಳುವುದು?

ಅರ್ಧ ದಾರಿಯಲ್ಲಿ ಫೋನ್ ಬಂತು. ವೈನಿ. ನನ್ನ ಎದೆಯ ಒಂದು ಕಲ್ಲು ಇಳಿಯಿತು.

“ಎಲ್ಲಿದ್ದಿ?”

“ಔರಾದಿಗಿ ಹೋಗಿದ್ದೆ ವೈನಿ. ಸಾಹೇಬರು ಕಳಿಸಿದ್ರು. ಆಯಿ ಹತ್ರ…”

ವೈನಿ ನನ್ನ ಮಾತು ಮುಗಿಸಗೊಡಲಿಲ್ಲ.

“ಬಂದು ಬಿಡು,” ಎಂದರು. “ಚೀಲಗಳ ಹತ್ರ ನೀ ಬೇಕು.”

ನಾನು ಮುಟ್ಟಿದಾಗ ಭಾಲ್ಕಿಯ ಡಿಸ್ಕು ಹಳೆಯ ಕಂಪ್ಯೂಟರಿಗೆ ಹತ್ತಿತ್ತು. ಪಾಸ್‌ವರ್ಡಿನ ಎರಡೂ ಅರ್ಧ ಬಿದ್ದು ಬೀಗ ತೆರೆದಿತ್ತು. ಆದರೆ ಸಾಫ್ಟ್‌ವೇರು ತನ್ನ ಡೇಟಾಬೇಸ್ ಸರಿಯಿದೆಯೋ ಇಲ್ಲವೋ ಎಂದು ತಾನೇ ಪರೀಕ್ಷಿಸಿಕೊಳ್ಳುತ್ತಿತ್ತು. ಪರದೆಯ ಮೇಲೆ ಒಂದು ಪಟ್ಟಿ ಬಲಕ್ಕೆ ಹರಿಯುತ್ತಿತ್ತು, ನಿಲ್ಲುತ್ತಿತ್ತು, ಹರಿಯುತ್ತಿತ್ತು. ಹೆರಿಗೆ ವಾರ್ಡಿನಿಂದ ನರ್ಸ್ ಬಂದು, “ಡಾಕ್ಟರು ಕೇಳ್ಲತ್ತಾರ,” ಎಂದಳು. ಸಾಹೇಬರು ವೈನಿಯ ಕುರ್ಚಿಯ ಬೆನ್ನು ಹಿಡಿದು, “ಈ ಪರೀಕ್ಷಾ ಬಿಟ್ಟು ಮುಂದ ಹೋಗ್ಲಿಕ್ಕ ಬರಂಗಿಲ್ಲೇನ್ರಿ?” ಎಂದರು.

“ಬರ್ತದ್ರಿ ಸರ್. ತಪ್ಪು ಹೆಣ್ಣಮಗಳ ರಿಪೋರ್ಟ್ ಬಂದ್ರ ನಡೀತದೇನ್ರಿ?”

ಸಾಹೇಬರು ಕುರ್ಚಿ ಬಿಟ್ಟರು.

ಪಟ್ಟಿ ತುಂಬಿತು. ವೈನಿ ರಕ್ತನಿಧಿಯ ಹಳೆಯ ದಾಖಲೆ ಕೇಳಿದರು. ಪರದೆ ಒಂದು ಟೇಪಿನ ಹೆಸರು ಹೇಳಿತು. ಕಪಾಟಿನ ಅಷ್ಟೂ ಟೇಪುಗಳಲ್ಲಿ ಅದೊಂದನ್ನು ತೆಗೆದು ಯಂತ್ರಕ್ಕೆ ಕೊಟ್ಟಾಗ ಅದು ಸುತ್ತುವ ಸದ್ದನ್ನು ನಾವೆಲ್ಲ ಉಸಿರು ಹಿಡಿದು ಕೇಳಿದೆವು. ಸಲ್ಮಾಳ ಹೆಸರು, ಊರು, ಗಂಡನ ಹೆಸರು, ಕೆಳಗೆ ಅವಳಿಗೆ ಆಗದ ಆ ಗುಣ. ನಾನು ಓಡಿದೆ. ಅವಳಿಗಾಗಿ ತೆಗೆದಿಟ್ಟ ಚೀಲಗಳನ್ನು ಆ ಒಂದು ಗುಣಕ್ಕಾಗಿ ಮತ್ತೆ ಪರೀಕ್ಷಿಸಿದೆ. ಬಹುತೇಕ ಚೀಲಗಳಲ್ಲಿ ಅದು ಇತ್ತು. ಮೊದಲು ಏರಿಸಬೇಕೆಂದು ಮುಂದೆ ಇಟ್ಟಿದ್ದ ಚೀಲದಲ್ಲೂ ಇತ್ತು. ಇಲ್ಲದವು ಎರಡೇ ಸಿಕ್ಕವು. ಎರಡನ್ನೂ ಎದೆಗೆ ಒತ್ತಿಕೊಂಡು ಆಪರೇಷನ್ ಥಿಯೇಟರಿಗೆ ಒಯ್ದೆ.

ಹೆಣ್ಣು ಮಗು. ಸಲ್ಮಾಗೆ ಸಂಜೆಗೆ ಎಚ್ಚರವಾಯಿತು. ತುಟಿಗೆ ಬಣ್ಣ ಬಂದಿತ್ತು. ಅವಳ ಗಂಡ ಕಾರಿಡಾರಿನಲ್ಲಿ ಸಿಕ್ಕವರಿಗೆಲ್ಲ ಪೇಢೆ ಕೊಡುತ್ತಿದ್ದ. ಸಾಹೇಬರು ಎರಡು ತೆಗೆದುಕೊಂಡರು.

ವೈನಿ ಹಿಂದಿನ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ಹೋಗಿ ಪಕ್ಕದಲ್ಲಿ ಕೂತೆ. ಹೇಳಲೇಬೇಕಿತ್ತು.

“ವೈನಿ, ಆಯಿ…”

“ಗೊತ್ತದ ತಂಗಿ.”

“ಮೂರು ಸಲ ಮೂರು ಥರ ಹೇಳಿದ್ರು.”

“ಗೊತ್ತದ. ಭಾನುವಾರಕ್ಕೊಮ್ಮಿ ಹೋಗಿ ಕೇಳ್ತೇನಿ. ಯಾವಾಗಿಂದ ತಪ್ಪಲತ್ತದ ಅಂತ ನಂಗ ಗೊತ್ತಿಲ್ಲೇನು?” ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡರು. “ಇನ್ನೊಂದು ಪ್ರತಿ ಬ್ಯಾರೆ ಕಡಿ ಇಟ್ಟು ಭಾಳ ದಿನ ಆತು. ನಮ್ಮ ಆಸ್ಪತ್ರಿ ದೊಡ್ಡ ಡಾಕ್ಟರಿಗಷ್ಟೇ ಹೇಳೀನಿ. ಸಾಹೇಬರಿಗಿ ಹೇಳ್ಲಿಲ್ಲ. ಹೇಳಿದ್ರ, ತಾಯಿ ಹತ್ರಿಂದ ಯಾಕ ತೆಗೆದ್ರಿ ಅಂತ ಎಲ್ಲಾರ ಮುಂದ ಕೇಳ್ತಾರ.”

“ಆಯಿಗಿ?”

“ಅವ್ವಗ ಯಾಕ ಹೇಳ್ಲಿ? ‘ನನ್ನ ಮಗಳ ದೊಡ್ಡ ಕೆಲಸ ನನ್ನ ಹತ್ರ ಅದ’ ಅಂತ ಓಣಿ ತುಂಬ ಹೇಳ್ಕೊಂಡು ಅಡ್ಡಾಡ್ತಾಳ.” ನನ್ನ ಕಡೆ ತಿರುಗಿ ಕೇಳಿದರು: “ಏನೇನ ಹೇಳಿದ್ಳು?”

ಹೇಳಿದೆ. ಚಿಮಣಿ ಹಾಲು ಕುಡಿದದ್ದು, ಶಾಲೆಗೆ ಹೋದದ್ದು, ಚಿಮಣಿಗೆ ಜ್ವರ ಬಂದದ್ದು. “ಪಾಸ್‌ವರ್ಡಿನಾಗ ಚಿಮಣಿ ಅದೇನ್ರಿ ವೈನಿ?”

“ಇಲ್ಲ,” ಎಂದರು. “ಚಿಮಣಿ ಅಂದ್ರ ನಾನು. ಸಣ್ಣಾಕಿ ಇದ್ದಾಗ ಹಂಗ ಕರೀತಿದ್ಳು.”

ಫೋನ್ ತೆಗೆದು ಔರಾದಿಗೆ ಹಚ್ಚಿದರು. ಆಯಿಯ ದನಿ ದೊಡ್ಡದು. ಪಕ್ಕದಲ್ಲಿ ಕೂತ ನನಗೂ ಕೇಳಿಸುತ್ತಿತ್ತು.

“ಅವ್ವ, ಊಟ ಆತಾ? ಹೂಂ, ಹೆಣ್ಣು ಕೂಸು. ತಾಯಿನೂ ಛಂದ ಇದ್ದಾಳ. ನೀ ಹೇಳಿ ಕಳಿಸಿದ್ದೇ ನಡೀತು ಅವ್ವ. ಬರೋಬರಿ ಇತ್ತು.”

“ಯಾವುದು ನಡೀತು? ನಾ ಎರಡ್ಮೂರು ಹೇಳಿದ್ದೆ.”

ವೈನಿ ನನ್ನ ಕಡೆ ನೋಡಿದರು. ನಾನು ತುಟಿಯಲ್ಲೇ ಹೇಳಿಕೊಟ್ಟೆ.

“ಚಿಮಣಿ ಸಾಲಿಗಿ ಹೋತು. ಅದು,” ಎಂದರು ವೈನಿ.

ಆ ಕಡೆ ಆಯಿ ಗಟ್ಟಿಯಾಗಿ ನಕ್ಕರು. “ನಂಗ ಗೊತ್ತಿತ್ತು ಬಿಡು. ಅದನ್ಹ್ಯಾಂಗ ಮರೀತೇನಿ? ನಿನ್ನ ಕೈ ಹಿಡ್ಕೊಂಡು ಸಾಲಿಗಿ ಬಿಟ್ಟಕಿ ನಾನೇ ಅಲ್ಲೇನು?”

“ಹೂಂ ಅವ್ವ,” ಎಂದರು ವೈನಿ. “ನೀನೇ.”